ವಾರದ ಮೊದಲ ದಿನ ಯಾವುದು? ಶಾಸನಗಳ ಕಾಲಗಣನೆಯಲ್ಲಿ ಒಂದು ಸಣ್ಣ ಪ್ರಶ್ನೆ

ಕಳೆದ ತಿಂಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತುತ್ತಿದ್ದಾಗ ಜೊತೆಗಿದ್ದ ಗೆಳೆಯರೊಬ್ಬರು ಫೋನು ತೆಗೆದು ತೋರಿಸಿದರು. “ನೋಡಿ, ಇದರಲ್ಲಿ ವಾರ ಸೋಮವಾರದಿಂದ ಶುರುವಾಗುತ್ತೆ. ನಮ್ಮನೆ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಭಾನುವಾರದಿಂದ. ಶಾಸನ ಓದೋರು ನೀವು, ಹೇಳಿ, ಯಾವುದು ಸರಿ?”

ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿತ್ತು. “ಮೇಲೆ ಹೋಗಿ ಕೂತು ಹೇಳ್ತೀನಿ” ಅಂದೆ. ನಿಜ ಹೇಳಬೇಕೆಂದರೆ ಉಸಿರಿನ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಇದೇ ಪ್ರಶ್ನೆಯಲ್ಲಿ ನಾನು ಹಿಂದೊಮ್ಮೆ ಎಡವಿ ಬಿದ್ದಿದ್ದೇನೆ. ಆ ತಪ್ಪು ಒಂದು ಊರಿನ ದೇವಸ್ಥಾನದ ಫಲಕದ ಮೇಲೆ ಬಣ್ಣದಲ್ಲಿ ಬರೆಸಿಕೊಂಡು ಸುಮಾರು ದಿನ ನಿಂತಿತ್ತು. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಕಲ್ಲುಗಳು ಏನು ಹೇಳುತ್ತವೆ ನೋಡೋಣ.

ವಾರವೇ ಇಲ್ಲದ ಕಾಲ

ನಮ್ಮ ಹಳೆಯ ಶಾಸನಗಳಲ್ಲಿ ವಾರದ ಹೆಸರೇ ಇಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ವಿಷಯ ಬರೆಸಿದ್ದು ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ. ಅಲ್ಲಿ ಶಕವರ್ಷವಿದೆ, ವಾರವಿಲ್ಲ. ಅದೇ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಶಕ 500ರ ಕಾರ್ತಿಕ ಹುಣ್ಣಿಮೆಯನ್ನು ಹೇಳುತ್ತದೆ. ಹುಣ್ಣಿಮೆ ಇದೆ, ವಾರವಿಲ್ಲ. ರವಿಕೀರ್ತಿಯ ಐಹೊಳೆ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಾರತಯುದ್ಧದಿಂದ 3735 ವರ್ಷ, ಶಕ 556 ಅಂತ ಎರಡೆರಡು ಲೆಕ್ಕ ಕೊಡುತ್ತದೆ. ಅಷ್ಟು ವಿವರ ಕೊಟ್ಟ ಕವಿಗೂ ಅಂದು ಯಾವ ವಾರ ಅಂತ ಹೇಳಬೇಕು ಅನ್ನಿಸಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ನಮ್ಮಲ್ಲಿ ದಿನವನ್ನು ಗುರುತಿಸುತ್ತಿದ್ದದ್ದು ತಿಥಿ, ನಕ್ಷತ್ರ, ಪಕ್ಷಗಳಿಂದ. ಆಕಾಶದಲ್ಲಿ ಚಂದ್ರನನ್ನು ನೋಡಿದರೆ ತಿಥಿ ಗೊತ್ತಾಗುತ್ತದೆ. ಆದರೆ ಇವತ್ತು ಮಂಗಳವಾರ ಅಂತ ಆಕಾಶದಲ್ಲಿ ಎಲ್ಲೂ ಬರೆದಿರುವುದಿಲ್ಲ. ವಾರ ಅನ್ನುವುದು ಪೂರ್ತಿ ಎಣಿಕೆ. ಯಾರೋ ಒಬ್ಬರು ಎಣಿಸಲು ಶುರು ಮಾಡಿ, ಮುಂದಿನವರಿಗೆ ಒಪ್ಪಿಸಿ, ಅವರು ಮತ್ತೊಬ್ಬರಿಗೆ ಒಪ್ಪಿಸಿ ನಡೆದುಬಂದದ್ದು.

ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲ ಬಾರಿಗೆ ಕಾಣಿಸುವುದು ಮಧ್ಯಪ್ರದೇಶದ ಏರಣ್‌ನಲ್ಲಿ, ಗುಪ್ತರ ದೊರೆ ಬುಧಗುಪ್ತನ ಕಾಲದ ಕಂಬದ ಮೇಲೆ. ಮಾತೃವಿಷ್ಣು, ಧನ್ಯವಿಷ್ಣು ಎಂಬ ಅಣ್ಣತಮ್ಮಂದಿರು ನಿಲ್ಲಿಸಿದ ಧ್ವಜಸ್ತಂಭ ಅದು. ಗುಪ್ತವರ್ಷ 165, ಆಷಾಢ ಶುಕ್ಲ ದ್ವಾದಶಿ, ಸುರಗುರುವಿನ ದಿವಸ. ಸುರಗುರು ಅಂದರೆ ಬೃಹಸ್ಪತಿ. ಫ್ಲೀಟ್ ಇದನ್ನು ಲೆಕ್ಕ ಹಾಕಿ ಕ್ರಿ.ಶ. 484ರ ಜೂನ್ 21, ಗುರುವಾರ ಅಂತ ತೋರಿಸಿದರು. ಗುಪ್ತಶಕೆಯ ಆರಂಭ ಯಾವಾಗ ಅನ್ನುವ ದೊಡ್ಡ ಚರ್ಚೆಯಲ್ಲಿ ಈ ಒಂದು ವಾರದ ಹೆಸರು ಸಾಕ್ಷಿ ಹೇಳಿತು. ವರ್ಷದ ಲೆಕ್ಕ ಒಂದು ಅಂಕೆ ತಪ್ಪಿದ್ದರೂ ಗುರುವಾರ ಸಿಗುತ್ತಿರಲಿಲ್ಲ.

ಕನ್ನಡದಲ್ಲಿ ನನಗೆ ಇಷ್ಟವಾದ ಹಳೆಯ ಉದಾಹರಣೆ ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನ. ಕಂಚಿಯ ದಂತಿಗನನ್ನು ಗೆದ್ದು ಕಪ್ಪ ವಸೂಲಿಗೆ ಬಂದ ದೊರೆ ತುಂಗಭದ್ರೆಯ ದಡದ ರಾಮೇಶ್ವರ ತೀರ್ಥದಲ್ಲಿ ಬೀಡುಬಿಟ್ಟಿದ್ದಾಗ ಕೊಟ್ಟ ದಾನ ಅದು. ಶಕ 726, ಸುಭಾನು ಸಂವತ್ಸರ, ವೈಶಾಖ ಬಹುಳ ಪಂಚಮಿ, ಬೃಹಸ್ಪತಿವಾರ. ಇದು ಕ್ರಿ.ಶ. 804ರ ಏಪ್ರಿಲ್ 4, ಗುರುವಾರಕ್ಕೆ ಸರಿಹೊಂದುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಇವತ್ತು ನಾವು ಬಳಸುವ ಅಮಾಂತ ಪದ್ಧತಿಯಲ್ಲಿ ಆ ದಿನ ಚೈತ್ರ ಬಹುಳ ಪಂಚಮಿ ಆಗುತ್ತದೆ. ಹುಣ್ಣಿಮೆಗೆ ತಿಂಗಳು ಮುಗಿಸುವ ಪೂರ್ಣಿಮಾಂತ ಪದ್ಧತಿಯಲ್ಲಿ ಮಾತ್ರ ಅದು ವೈಶಾಖ. ಅಂದರೆ ಆ ಕಾಲಕ್ಕೆ ನಮ್ಮ ಸೀಮೆಯಲ್ಲೂ ಪೂರ್ಣಿಮಾಂತ ಬಳಕೆಯಲ್ಲಿತ್ತು ಅಂತ ತಿಳಿಯಿತು. ತಿಳಿಸಿದ್ದು ಯಾವುದು? ಬೃಹಸ್ಪತಿವಾರ ಅನ್ನುವ ಒಂದು ಪದ. ವಾರ ಇರದಿದ್ದರೆ ನಾವು ಒಂದು ತಿಂಗಳು ಆಚೆಗೆ ಹೋಗಿ ಕೂರುತ್ತಿದ್ದೆವು.

ಹೋರೆಯ ಲೆಕ್ಕ: ಮೊದಲು ಬರುವುದು ಶನಿ

ಈಗ ಮೂಲ ಪ್ರಶ್ನೆಗೆ ಬರೋಣ. ರವಿ, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಈ ಕ್ರಮ ಎಲ್ಲಿಂದ ಬಂತು? ಆಕಾಶದಲ್ಲಿ ಗ್ರಹಗಳು ಈ ಸಾಲಿನಲ್ಲಿ ಇಲ್ಲ.

ಹಳೆಯ ಜ್ಯೋತಿಷಿಗಳು ಗ್ರಹಗಳನ್ನು ಅವುಗಳ ನಡಿಗೆಯ ವೇಗದ ಮೇಲೆ ಜೋಡಿಸಿದ್ದರು. ಎಲ್ಲಕ್ಕಿಂತ ನಿಧಾನ ಶನಿ. ಅದಕ್ಕೇ ಅವನಿಗೆ ಮಂದ ಅಂತ ಇನ್ನೊಂದು ಹೆಸರು. ಆಮೇಲೆ ಗುರು, ಮಂಗಳ, ರವಿ, ಶುಕ್ರ, ಬುಧ, ಕೊನೆಗೆ ಎಲ್ಲಕ್ಕಿಂತ ಚುರುಕಿನ ಚಂದ್ರ. ದಿನಕ್ಕೆ 24 ಹೋರೆ. ಒಂದೊಂದು ಹೋರೆಗೆ ಒಬ್ಬೊಬ್ಬ ಗ್ರಹ ಒಡೆಯ, ಇದೇ ಕ್ರಮದಲ್ಲಿ ಸರದಿ. ಸೂರ್ಯೋದಯದ ಹೋರೆಗೆ ಯಾರು ಒಡೆಯನೋ ಆ ಇಡೀ ದಿನಕ್ಕೆ ಅವನ ಹೆಸರು.

ಕೈಬೆರಳಲ್ಲೇ ಎಣಿಸಿ ನೋಡಿ. ಮೊದಲ ಹೋರೆ ಶನಿಯದು ಅನ್ನಿ. ಏಳೇಳರಂತೆ ಮೂರು ಸುತ್ತು ಹೋದರೆ 21. ಉಳಿದ ಮೂರು ಹೋರೆ ಶನಿ, ಗುರು, ಮಂಗಳ. ಅಲ್ಲಿಗೆ 24 ಮುಗಿಯಿತು. ಮರುದಿನ ಬೆಳಗಿನ ಹೋರೆ ಯಾರದು? ರವಿಯದು. ಆದ್ದರಿಂದ ಶನಿವಾರದ ಮರುದಿನ ರವಿವಾರ. ಅಲ್ಲಿಂದ ಮತ್ತೆ ಅದೇ ರೀತಿ ಎಣಿಸಿದರೆ ಚಂದ್ರ, ಮಂಗಳ, ಬುಧ, ಗುರು, ಶುಕ್ರ. ಆರ್ಯಭಟ ಇದನ್ನೇ ಕಾಲಕ್ರಿಯಾಪಾದದಲ್ಲಿ ಚುಟುಕಾಗಿ ಹೇಳುತ್ತಾನೆ: ಶನಿಯಿಂದ ಶುರುವಾಗುವ ವೇಗದ ಸಾಲಿನಲ್ಲಿ ನಾಲ್ಕನೆಯವನು ಮರುದಿನದ ಒಡೆಯ, ದಿನ ಶುರುವಾಗುವುದು ಸೂರ್ಯೋದಯಕ್ಕೆ.

ಈ ಲೆಕ್ಕದಲ್ಲಿ ಸಾಲಿನ ತಲೆಯಲ್ಲಿರುವವನು ಶನಿ. ಹಾಗಾದರೆ ವಾರದ ಮೊದಲ ದಿನ ಶನಿವಾರ ಆಗಬೇಕಲ್ಲವೇ? ರೋಮನ್ನರಲ್ಲಿ ಹಾಗೇ ಇತ್ತು. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯ ಗೋಡೆಯ ಮೇಲೆ ಯಾರೋ ಗೀಚಿದ ವಾರಗಳ ಪಟ್ಟಿ ಸಿಕ್ಕಿದೆ. ಅದು ಶನಿಯಿಂದಲೇ ಆರಂಭವಾಗುತ್ತದೆ. ನಮ್ಮವರು ಅದೇ ಏಳು ದಿನಗಳನ್ನು, ಅದೇ ಕ್ರಮದಲ್ಲಿ ಇಟ್ಟುಕೊಂಡರು. ಆದರೆ ಪಟ್ಟಿ ಹೇಳುವಾಗ ಸೂರ್ಯನಿಂದ ಹೇಳಿದರು. ನವಗ್ರಹಗಳನ್ನು ನೆನೆಯುವ ಕ್ರಮ ಗಮನಿಸಿ: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಮೊದಲ ಏಳು ಹೆಸರು ವಾರಗಳ ಕ್ರಮವೇ, ಹಿಂದೆ ರಾಹುಕೇತುಗಳು ಬಾಲದಂತೆ. ದಿನಾ ನವಗ್ರಹ ಸುತ್ತುವ ಅಜ್ಜಿಯೂ ಅರಿವಿಲ್ಲದೆ ಭಾನುವಾರದಿಂದ ಶನಿವಾರದವರೆಗೆ ವಾರ ಎಣಿಸುತ್ತಾಳೆ. ನಮ್ಮಲ್ಲಿ ಭಾನುವಾರ ಮೊದಲು ಅನ್ನುವುದಕ್ಕೆ ಇದಕ್ಕಿಂತ ಜೀವಂತ ಸಾಕ್ಷಿ ಬೇಡ.

ಗಣಿತದವರ ಜಗಳ

ಆದರೆ ಗಣಿತದವರು ಬೇರೆಯೇ ಪ್ರಶ್ನೆ ಕೇಳಿದರು. ಪಟ್ಟಿಯಲ್ಲಿ ಮೊದಲು ಯಾರು ಅನ್ನುವುದಿರಲಿ, ಕಾಲ ಶುರುವಾದ ದಿನ ಯಾವ ವಾರ?

499ರ ಆಸುಪಾಸಿನ ಆರ್ಯಭಟೀಯದ ಪ್ರಕಾರ ಮಹಾಯುಗ ಆರಂಭವಾದದ್ದು ಬುಧವಾರ, ಲಂಕೆಯ ಸೂರ್ಯೋದಯಕ್ಕೆ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ಅದನ್ನು ಒಪ್ಪಲಿಲ್ಲ. ಅವನ ಪ್ರಕಾರ ಕಲ್ಪದ ಮೊದಲ ದಿನ ಭಾನುವಾರ. ದಿನ, ಮಾಸ, ವರ್ಷ, ಯುಗ ಎಲ್ಲವೂ ಅಂದೇ ಒಟ್ಟಿಗೆ ಹೊರಟವು.

ಇಬ್ಬರ ಆರಂಭವೂ ಬೇರೆ. ಆದರೆ ಇಬ್ಬರೂ ಕಲಿಯುಗಕ್ಕೆ ಬರುವಷ್ಟರಲ್ಲಿ ಒಂದೇ ದಿನಕ್ಕೆ ಬಂದು ಸೇರುತ್ತಾರೆ. ಆರ್ಯಭಟನ ಮಹಾಯುಗಕ್ಕೆ 1,57,79,17,500 ದಿನ. ಅದರ ಮುಕ್ಕಾಲು ಭಾಗ ಕಳೆದಾಗ ಕಲಿ ಶುರು, ಅಂದರೆ 1,18,34,38,125 ದಿನ. ಏಳರಿಂದ ಭಾಗಿಸಿದರೆ ಶೇಷ 2. ಬುಧವಾರದಿಂದ ಎರಡು ದಿನ ಮುಂದೆ ಶುಕ್ರವಾರ. ಬ್ರಹ್ಮಗುಪ್ತನ ಲೆಕ್ಕದಲ್ಲಿ ಕಲ್ಪಾದಿಯಿಂದ ಕಲಿಯವರೆಗೆ 7,20,63,44,42,715 ದಿನ. ಶೇಷ 5. ಭಾನುವಾರದಿಂದ ಐದು ದಿನ ಮುಂದೆ ಹೋದರೆ ಅದೂ ಶುಕ್ರವಾರ! ಕ್ರಿ.ಪೂ. 3102ರ ಫೆಬ್ರವರಿ 18.

ಇದರ ಅರ್ಥ ಏನು? ಜನ ಎಣಿಸಿಕೊಂಡು ಬಂದ ವಾರವನ್ನು ಯಾರೂ ಅಲುಗಿಸಲಿಲ್ಲ. ಇವತ್ತು ಯಾವ ವಾರ ಅನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಜಗಳ ಇದ್ದದ್ದು ಎಣಿಕೆಯ ತುದಿಯನ್ನು ಎಲ್ಲಿ ಹಿಡಿಯಬೇಕು ಅನ್ನುವುದರಲ್ಲಿ ಮಾತ್ರ. ನಮ್ಮ ಗೆಳೆಯರ ಫೋನು ಮತ್ತು ಗೋಡೆ ಕ್ಯಾಲೆಂಡರಿನ ಜಗಳವೂ ಅದೇ ಅಲ್ಲವೇ? ಎರಡರಲ್ಲೂ ಇವತ್ತು ಒಂದೇ ವಾರ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಸೋಮವಾರಕ್ಕೆ 1 ಅಂತ ಅಂಕೆ ಕೊಟ್ಟಿದೆ, ಭಾನುವಾರಕ್ಕೆ 7. ಕಚೇರಿ ಕೆಲಸಕ್ಕೆ ಅದು ಅನುಕೂಲ. ಅದರಿಂದ ಭಾನುವಾರ ಭಾನುವಾರವಾಗಿಯೇ ಉಳಿದಿದೆ.

‘ಆದಿವಾರ’ದ ಆದಿ

ಹಾಗಿದ್ದರೆ ಶಾಸನಗಳು ಇದರ ಬಗ್ಗೆ ಏನನ್ನೂ ಹೇಳುವುದಿಲ್ಲವೇ? ಕೆಲವರು ಒಂದು ಸಾಕ್ಷಿ ಮುಂದಿಡುತ್ತಾರೆ. “ಶಾಸನಗಳಲ್ಲಿ ಆದಿವಾರ ಅಂತಲೇ ಬರುತ್ತಲ್ಲ ಸಾರ್! ಆದಿ ಅಂದ್ರೆ ಮೊದಲು. ಇನ್ನೇನು ಬೇಕು?”

ಕೇಳೋಕೆ ಚೆನ್ನಾಗಿದೆ. ಆದರೆ ಇದು ಪದ ಸವೆದದ್ದರಿಂದ ಹುಟ್ಟಿದ ಭ್ರಮೆ. ಆದಿವಾರದ ಆದಿ ‘ಆದಿತ್ಯ’ದ ಮೊದಲರ್ಧ. ಆದಿತ್ಯವಾರ ಎಂಬ ಪೂರ್ಣರೂಪವೂ ಶಾಸನಗಳಲ್ಲಿ ಬೇಕಾದಷ್ಟಿದೆ. ಅದು ಬಾಯಲ್ಲಿ ಸವೆದು ಆದಿವಾರ, ಆಯ್ತವಾರ, ಐತವಾರ ಆಯಿತು. ಕೊಂಕಣಿಯಲ್ಲಿ ಆಯ್ತಾರ್, ದಖನಿಯಲ್ಲಿ ಇತ್ವಾರ್. ಬೃಹಸ್ಪತಿವಾರ ಸವೆದು ಬೇಸ್ತವಾರ ಆದಂತೆ. ಬೇಸ್ತವಾರಕ್ಕೂ ಬೆಸ್ತರಿಗೂ ಹೇಗೆ ಸಂಬಂಧವಿಲ್ಲವೋ ಹಾಗೆಯೇ ಆದಿವಾರಕ್ಕೂ ಆದಿಗೂ ಸಂಬಂಧವಿಲ್ಲ.

ಇಂಥ ಬಲೆ ಇನ್ನೂ ಇವೆ. ಶಾಸನ ಕಲಿಯುವವರು ಮೊದಲು ಬೀಳುವುದು ಸೌಮ್ಯವಾರದಲ್ಲಿ. ಸೋಮ ಅಂತ ಕಿವಿಗೆ ಕೇಳಿಸುತ್ತದೆ, ಸೋಮವಾರ ಅಂತ ಬರೆದುಬಿಡುತ್ತಾರೆ. ಸೌಮ್ಯ ಅಂದರೆ ಸೋಮನ ಮಗ, ಅಂದರೆ ಬುಧ. ಸೌಮ್ಯವಾರ ಬುಧವಾರ. ಸೋಮವಾರಕ್ಕೆ ಇಂದುವಾರ, ಮಂಗಳವಾರಕ್ಕೆ ಭೌಮವಾರ, ಶುಕ್ರವಾರಕ್ಕೆ ಭೃಗುವಾರ, ಶನಿವಾರಕ್ಕೆ ಸ್ಥಿರವಾರ, ಮಂದವಾರ. ಮದುವೆ ಆಮಂತ್ರಣ ಪತ್ರಿಕೆಗಳಲ್ಲಿ ಈ ಹೆಸರುಗಳು ಇನ್ನೂ ಬದುಕಿವೆ. ಸೌಮ್ಯವಾರದ ಮದುವೆಗೆ ಸೋಮವಾರವೇ ಹೋದವರು ಇದ್ದರೆ ಅವರಿಗೆ ನನ್ನ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ವಡ್ಡವಾರ. ಹೊಯ್ಸಳ, ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ತಿರುವಿದವರಿಗೆಲ್ಲ ಪರಿಚಯದ ಪದ. ವಡ್ಡ ಅಂದರೆ ದೊಡ್ಡದು. ಬೃಹತ್ ಅಂದರೂ ದೊಡ್ಡದು. ಹಾಗಾದರೆ ಇದು ಬೃಹಸ್ಪತಿವಾರ ಇರಬೇಕು ಅಂತ ಅನ್ನಿಸುವುದು ಸಹಜ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಪದವಿರುವ ಶಾಸನಗಳ ತಿಥಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ನೋಡಿದಾಗ ಅವು ಶನಿವಾರಕ್ಕೆ ಹೊಂದಿಕೊಂಡವು. ನಿಘಂಟು ಬಿಡಿಸಲಾರದ ಗಂಟನ್ನು ಪಂಚಾಂಗ ಬಿಡಿಸಿತು.

ಇಲ್ಲಿ ನನಗೂ ಒಂದು ಆಸೆ ಹುಟ್ಟಿದ್ದುಂಟು. ವಡ್ಡ ಅನ್ನುವುದನ್ನು ‘ವೃದ್ಧ’, ಅಂದರೆ ಹಿರಿಯ ಅಂತಲೂ ಹಿಡಿಯಬಹುದು. ಶನಿವಾರ ವಡ್ಡವಾರ, ಹಿರಿಯ ವಾರ, ಅಂದರೆ ಮೊದಲು ಹುಟ್ಟಿದ ವಾರ! ಹೋರೆಯ ಲೆಕ್ಕದಲ್ಲೂ ಶನಿಯೇ ಮೊದಲು! ಎಷ್ಟು ಸೊಗಸಾಗಿ ಕೂಡಿಬಂತು ಅಂತ ಒಂದು ರಾತ್ರಿ ನಿದ್ದೆ ಬಂದಿರಲಿಲ್ಲ. ಬೆಳಗ್ಗೆ ಎದ್ದು ಕೇಳಿಕೊಂಡೆ: ಶನಿವಾರದಿಂದ ವಾರ ಎಣಿಸಿದ ಒಂದೇ ಒಂದು ಕನ್ನಡ ಶಾಸನ ತೋರಿಸಬಲ್ಲೆಯಾ? ಇಲ್ಲ. ಅಲ್ಲಿಗೆ ಆ ಲೇಖನ ಬರೆಯುವ ಆಸೆ ಬಿಟ್ಟೆ. ಪದದ ಹೋಲಿಕೆಯೊಂದನ್ನೇ ಹಿಡಿದು ಇತಿಹಾಸ ಕಟ್ಟಿದರೆ ಆದಿವಾರದವರಿಗೂ ನಮಗೂ ಏನು ವ್ಯತ್ಯಾಸ?

ನಿಜವೇನೆಂದರೆ ಶಾಸನದ ಕಾಲೋಲ್ಲೇಖದಲ್ಲಿ ವಾರಕ್ಕೆ ಅಂಕೆಯೇ ಇಲ್ಲ. ತಿಥಿಗೆ ಅಂಕೆ ಇದೆ: ಪಂಚಮಿ ಐದು, ದಶಮಿ ಹತ್ತು. ವಾರಕ್ಕೆ ಹೆಸರು ಮಾತ್ರ. ವಿಜಯನಗರ ಕಾಲಕ್ಕೆ ಬಂದರೆ ಹೆಸರೂ ಕುಗ್ಗಿ ಒಂದಕ್ಷರ ಆಗುತ್ತದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ ಪ್ರಸಿದ್ಧ ಶಾಸನ, ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ್ದು, ಶಕ 1290ರ ಕೀಲಕ ಸಂವತ್ಸರದ ಭಾದ್ರಪದ ‘ಶು ೧೦ ಬೃ’. ಶುದ್ಧ ದಶಮಿ, ಬೃಹಸ್ಪತಿವಾರ. 1368ರ ಆಗಸ್ಟ್ 24. ಆ ಒಂದು ‘ಬೃ’ ಅಕ್ಷರ ಆರೂವರೆ ಶತಮಾನದ ನಂತರವೂ ನಮ್ಮ ಲೆಕ್ಕವನ್ನು ಕಿವಿಹಿಂಡಿ ನಿಲ್ಲಿಸಬಲ್ಲದು. ಇನ್ನು ‘ಶು ೫ ಶು’ ಅಂತ ಇದ್ದರೆ ಮೊದಲ ಶು ಪಕ್ಷ, ಎರಡನೆಯ ಶು ಶುಕ್ರವಾರ. ಹೊಸಬರಿಗೆ ಇದು ತಮಾಷೆ, ಕಲ್ಲಿನ ಚಕ್ಕೆ ಎದ್ದಿದ್ದರೆ ಹಳಬರಿಗೂ ತಲೆನೋವು.

ವಾರ ಅಂದರೆ ಸರದಿ

‘ವಾರ’ ಪದದ ಮೂಲ ಅರ್ಥವೇ ಸರದಿ, ಪಾಳಿ. ಹಿಂದೆ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರಲ್ಲ, ಅದರಲ್ಲಿ ಆ ಅರ್ಥ ಚೊಕ್ಕವಾಗಿ ಉಳಿದಿದೆ. ಇವತ್ತು ಈ ಮನೆ, ನಾಳೆ ಆ ಮನೆ, ಏಳು ಮನೆ ಸುತ್ತಿ ಮತ್ತೆ ಮೊದಲ ಮನೆ. ಆ ಹುಡುಗನಿಗೆ ಯಾವ ಮನೆ ಮೊದಲ ಮನೆ? ಅವನು ಊಟಕ್ಕೆ ಕೂತು ಶುರು ಮಾಡಿದ ಮನೆ.

ಊರಿನ ಬದುಕಿನಲ್ಲಿ ವಾರದ ತಲೆಯೇ ಬೇರೆ. ಸೋಮವಾರ ಬಸವಣ್ಣನ ದಿನ ಅಂತ ಎತ್ತಿಗೆ ನೊಗ ಹೂಡದ ಊರುಗಳಿವೆ. ಅವರ ಬೇಸಾಯದ ವಾರ ಸೋಮವಾರದ ಸುತ್ತ ತಿರುಗುತ್ತದೆ. ಸಂತೆಯ ಊರಿಗೆ ಸಂತೆಯ ದಿನವೇ ಮೊದಲು. ಕೊಡಗಿನ ಶನಿವಾರಸಂತೆ, ಸೋಮವಾರಪೇಟೆಗಳು ಆ ದಿನಗಳನ್ನು ಊರಿನ ಹೆಸರಲ್ಲೇ ಇಟ್ಟುಕೊಂಡಿವೆ.

ಇನ್ನೊಂದು ಮಾತು ಗಮನಿಸಿ. ಕನ್ನಡದಲ್ಲಿ ಒಂದು ವಾರಕ್ಕೆ ನಾವು ಏಳು ದಿನ ಅನ್ನುವುದಿಲ್ಲ. “ಎಂಟು ದಿನ ಬಿಟ್ಟು ಬನ್ನಿ” ಅನ್ನುತ್ತೇವೆ. ಎರಡು ವಾರಕ್ಕೆ “ಹದಿನೈದು ದಿನ”. ಬುಧವಾರ ಹೇಳಿದರೆ ಮುಂದಿನ ಬುಧವಾರ ಬರಬೇಕು. ಹೊರಟ ದಿನವನ್ನೂ ಸೇರುವ ದಿನವನ್ನೂ ಎರಡನ್ನೂ ಎಣಿಸುವ ಪದ್ಧತಿ ಇದು. ಈ ಎಣಿಕೆಯಲ್ಲಿ ಮೊದಲ ದಿನವೇ ಕೊನೆಯ ದಿನ. ಬಳೆಗೆ ತುದಿ ಎಲ್ಲಿ?

ಪರ್ಸಿಯನ್ನಿನಲ್ಲಿ ಮಾತ್ರ ಅಂಕೆ ಇದೆ. ಶನಿವಾರ ಶಂಬಾ, ಭಾನುವಾರ ಯಕ್‌ಶಂಬಾ, ಸೋಮವಾರ ದೋಶಂಬಾ. ಯಕ್ ಅಂದರೆ ಒಂದು. ಬೀದರಿನಲ್ಲೂ ವಿಜಯಪುರದಲ್ಲೂ ಪರ್ಸಿಯನ್ ಆಡಳಿತ ಭಾಷೆಯಾಗಿದ್ದಾಗ ಅಲ್ಲಿನ ಬರಹಗಾರರ ಬಾಯಲ್ಲಿ ಈ ಎಣಿಕೆ ಇತ್ತು. ಅದೇ ಊರಿನ ಕನ್ನಡ ಶಾನುಭೋಗನ ಕಡತದಲ್ಲಿ ಅದೇ ದಿನ ಆದಿವಾರ. ಹೆಸರು ಎರಡು, ದಿನ ಒಂದು.

ನಾನು ತಪ್ಪಿದ್ದು ಎಲ್ಲಿ

ಹಾಗಾದರೆ ಮೊದಲ ದಿನ ಯಾವುದಾದರೂ ಏನಂತೆ ಅಂತ ಕೇಳಬಹುದು. ಕಲ್ಲಿಗೆ ಏನೂ ಅಲ್ಲ. ಲೆಕ್ಕ ಹಾಕುವವನಿಗೆ ಎಲ್ಲವೂ ಅದೇ.

ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಮುನಿಯ ಪ್ರಶಸ್ತಿ ಇದೆ. ಗೆಳೆಯರನ್ನು ಅದರ ಮುಂದೆ ಕೂರಿಸಿದೆ. ವರ್ಷವನ್ನು ಪದಗಳಲ್ಲಿ ಹೇಳಿದ್ದಾರೆ: ಶೂನ್ಯ, ಶರ, ಅಂಬರ, ಅವನಿ. ಸೊನ್ನೆ, ಐದು, ಸೊನ್ನೆ, ಒಂದು. ಬಲದಿಂದ ಎಡಕ್ಕೆ ಓದಿದರೆ ಶಕ 1050. ಕೀಲಕ ಸಂವತ್ಸರ, ಫಾಲ್ಗುಣ ಬಹುಳ ತದಿಗೆ, ಸ್ವಾತಿ ನಕ್ಷತ್ರ, ಭಾಸ್ಕರನ ವಾರ. ಮೂರು ದಿನ ಅನ್ನ ಬಿಟ್ಟು ನಡುಹಗಲಿನಲ್ಲಿ ಮುನಿ ದೇಹ ಬಿಟ್ಟರು ಅಂತ ಬರೆದಿದೆ. ನಡುಹಗಲು ಅಂತ ಹೇಳಿದ್ದು ನಮಗೆ ಉಪಕಾರ. ನಮ್ಮ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಮಧ್ಯರಾತ್ರಿಗಲ್ಲ. ನಡುರಾತ್ರಿಯ ನಂತರದ ಸಾವಾಗಿದ್ದರೆ ಇವತ್ತಿನ ಲೆಕ್ಕಕ್ಕೆ ಒಂದು ದಿನ ಹೆಚ್ಚುಕಡಿಮೆ ಆಗುತ್ತಿತ್ತು.

ಈ ದಿನ 1129ರ ಮಾರ್ಚ್ 10. ಕಲಿಯುಗಾದಿಯಿಂದ ಅಂದಿನವರೆಗೆ ಕಳೆದ ದಿನ 15,45,028. ಏಳರಿಂದ ಭಾಗಿಸಿ, ಶೇಷ 2. ಇದು ಕಲಿಯಿಂದ ಎಣಿಸಿದ್ದಾದ್ದರಿಂದ ಸೊನ್ನೆ ಶುಕ್ರವಾರ, ಒಂದು ಶನಿವಾರ, ಎರಡು ಭಾನುವಾರ. ಭಾಸ್ಕರವಾರ ಸಿಕ್ಕಿತು.

ಇದೇ ದಿನವನ್ನು ಇವತ್ತಿನ ಖಗೋಳದವರು ಬಳಸುವ ಜೂಲಿಯನ್ ದಿನಸಂಖ್ಯೆಯಲ್ಲಿ ಹಿಡಿದರೆ 21,33,494. ಏಳರಿಂದ ಭಾಗಿಸಿದರೆ ಶೇಷ 6. ಅಲ್ಲಿ ಸೊನ್ನೆ ಸೋಮವಾರ. ಆರು ಅಂದರೆ ಭಾನುವಾರ. ಶೇಷ ಬೇರೆ, ತಲೆ ಬೇರೆ, ಉತ್ತರ ಒಂದೇ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಹಾಸನ ಸೀಮೆಯ ಒಂದು ಊರಿನವರು ಬಂದು ತಮ್ಮ ದೇವಸ್ಥಾನದ ಶಾಸನದ ಕಾಲ ಹೇಳಿ ಅಂತ ಕೇಳಿದರು. ಶಕವರ್ಷ ಸ್ಪಷ್ಟವಾಗಿತ್ತು. ಸಂವತ್ಸರದ ಹೆಸರಿನ ಮೇಲೆ ಚಕ್ಕೆ ಎದ್ದುಹೋಗಿತ್ತು. ತಿಥಿ ಇತ್ತು, ‘ಸೋಮವಾರ’ ಇತ್ತು. ಶಕವರ್ಷವನ್ನು ಕಳೆದ ವರ್ಷ ಅಂತ ಹಿಡಿಯಬೇಕೋ ನಡೆಯುತ್ತಿರುವ ವರ್ಷ ಅಂತ ಹಿಡಿಯಬೇಕೋ ಅನ್ನುವುದು ನಮ್ಮ ಶಾಸನಗಳ ಹಳೆಯ ರೋಗ. ಎರಡಕ್ಕೂ ಒಂದು ವರ್ಷದ ಅಂತರ. ಸಂವತ್ಸರ ಹೋದರೆ ದಾರಿ ತೋರಿಸುವುದು ವಾರವೊಂದೇ.

ಎರಡು ವರ್ಷಕ್ಕೂ ಕಲಿದಿನ ತೆಗೆದು ಭಾಗಿಸಿದೆ. ಶೇಷ ಬಂತು. ಆದರೆ ಶುಕ್ರವಾರದಿಂದ ಎಣಿಸುವ ಬದಲು, ಸಿದ್ಧಾಂತ ಗ್ರಂಥಗಳಲ್ಲಿ ಓದಿದ್ದ ‘ರವಿಯಿಂದ ಎಣಿಸು’ ಅನ್ನುವ ಸೂತ್ರವೇ ತಲೆಯಲ್ಲಿ ಕೂತಿತ್ತು. ಆ ಸೂತ್ರ ಸೃಷ್ಟಿಯಿಂದ ಎಣಿಸಿದ ದಿನಗಳಿಗೆ, ಕಲಿಯಿಂದ ಎಣಿಸಿದ್ದಕ್ಕಲ್ಲ. ನಾನು ರವಿಯಿಂದಲೇ ಎಣಿಸಿದೆ. ಮುಂದಿನ ವರ್ಷಕ್ಕೆ ಸೋಮವಾರ ಬಂತು, ಹಿಂದಿನ ವರ್ಷಕ್ಕೆ ಬುಧವಾರ. ಖುಷಿಯಿಂದ ಮುಂದಿನ ವರ್ಷವನ್ನು ಬರೆದುಕೊಟ್ಟೆ. ಅವರು ಫಲಕ ಹಾಕಿಸಿದರು. ಆ ಲೆಕ್ಕ ನಂಬಿಯೇ ಎಂಟುನೂರನೆಯ ವರ್ಷ ಅಂತ ಉತ್ಸವ, ಊರಿಗೆಲ್ಲ ಊಟ.

ತಪ್ಪು ಗೊತ್ತಾದದ್ದು ಇದೇ ಮಲ್ಲಿಷೇಣ ಶಾಸನದಿಂದ. ಒಬ್ಬ ಹುಡುಗನಿಗೆ ವಿಧಾನ ಹೇಳಿಕೊಡುವಾಗ ಉದಾಹರಣೆಗೆ ಇದನ್ನು ತೆಗೆದುಕೊಂಡೆ. ಶೇಷ 2, ರವಿಯಿಂದ ಎಣಿಸಿದರೆ ಮಂಗಳವಾರ. ಕಲ್ಲಿನಲ್ಲಿ ಭಾಸ್ಕರ ಅಂತ ಇದೆ. ಹುಡುಗ ನನ್ನ ಮುಖ ನೋಡಿದ. “ಶಾಸನ ತಪ್ಪಾ ಸಾರ್?” ಅಂದ. ಕಲ್ಲಲ್ಲಪ್ಪ ತಪ್ಪು, ನಾನು. ಆ ರಾತ್ರಿ ಹಳೆಯ ಟಿಪ್ಪಣಿ ತೆಗೆದು ಊರಿನ ಶಾಸನವನ್ನು ಮತ್ತೆ ಲೆಕ್ಕ ಹಾಕಿದೆ. ಎಲ್ಲ ವಾರಗಳೂ ಎರಡೆರಡು ದಿನ ಹಿಂದೆ ಸರಿದವು. ನಾನು ಸೋಮವಾರ ಅಂದದ್ದು ಶನಿವಾರ. ಬುಧವಾರ ಅಂದು ತಳ್ಳಿಹಾಕಿದ್ದ ಹಿಂದಿನ ವರ್ಷವೇ ನಿಜವಾದ ಸೋಮವಾರ. ಊರಿನ ಎಂಟುನೂರು ಒಂದು ವರ್ಷ ಮೊದಲೇ ಕಳೆದುಹೋಗಿತ್ತು.

ಹೋಗಿ ಹೇಳಿದೆ. ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿದ್ದು. ದೇವಸ್ಥಾನದ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಹಾಕಿದ್ದು ತಪ್ಪಲ್ಲ ಬಿಡಿ ಸ್ವಾಮಿ. ಬೋರ್ಡು ಬದಲಾಯಿಸ್ತೀವಿ” ಅಂದರು. ಬದಲಾಯಿಸಿದರು. ಹೊಸ ಬಣ್ಣದ ಕೆಳಗೆ ಹಳೆಯ ಅಂಕೆ ಈಗಲೂ ಮಸುಕಾಗಿ ಕಾಣುತ್ತದೆ.

ಗೆಳೆಯರಿಗೆ ಕೊಟ್ಟ ಉತ್ತರ

ಹೀಗಾಗಿ ನನ್ನ ಉತ್ತರ ಎರಡು ಭಾಗ. ನಮ್ಮ ಪರಂಪರೆಯಲ್ಲಿ ವಾರಗಳನ್ನು ಹೇಳುವ ಕ್ರಮ ಭಾನುವಾರದಿಂದ. ನವಗ್ರಹಗಳ ಸಾಲು, ಬ್ರಹ್ಮಗುಪ್ತನ ಕಲ್ಪಾದಿ, ಸಿದ್ಧಾಂತಗಳ ಸೂತ್ರ ಎಲ್ಲವೂ ಅದನ್ನೇ ಹೇಳುತ್ತವೆ. ಗೋಡೆ ಕ್ಯಾಲೆಂಡರ್ ಆ ದಾರಿಯಲ್ಲಿದೆ. ಫೋನಿನದು ಕಚೇರಿಯ ದಾರಿ. ಎರಡರಿಂದಲೂ ಯಾರಿಗೂ ನಷ್ಟವಿಲ್ಲ.

ಆದರೆ ಶಾಸನದ ಕಾಲ ಲೆಕ್ಕ ಹಾಕುವವರು, ಅದರಲ್ಲೂ ಈಗ ಕಂಪ್ಯೂಟರಿನಲ್ಲಿ ಒಂದು ಕ್ಷಣಕ್ಕೆ ಸಾವಿರ ತಿಥಿ ತೆಗೆಯುವ ಹುಡುಗರು, ಒಂದು ಕೆಲಸ ಮಾಡಬೇಕು. ಸೊನ್ನೆ ಯಾವ ವಾರ ಅನ್ನುವುದನ್ನು ಹಾಳೆಯ ಮೇಲ್ಗಡೆ ಮೊದಲು ಬರೆಯಿರಿ. ಕಲಿದಿನಕ್ಕೆ ಶುಕ್ರ, ಜೂಲಿಯನ್ ದಿನಕ್ಕೆ ಸೋಮ, ಕಲ್ಪಾದಿಗೆ ರವಿ. ಬರೆದ ಮೇಲೆ ವಾರ ಗೊತ್ತಿರುವ ಒಂದು ಶಾಸನಕ್ಕೆ ಹಾಕಿ ಪರೀಕ್ಷೆ ಮಾಡಿ. ನನ್ನದು ಮಲ್ಲಿಷೇಣನ ಭಾನುವಾರ. ನೀವು ಬುಕ್ಕರಾಯನ ಗುರುವಾರ ಇಟ್ಟುಕೊಳ್ಳಬಹುದು: ಕಲಿದಿನ 16,32,490, ಶೇಷ 6.

ಗೆಳೆಯರು ಕಲ್ಲನ್ನೇ ನೋಡುತ್ತ, ಬೆರಳು ಮಡಚಿ ಶುಕ್ರದಿಂದ ಆರು ಎಣಿಸಿದರು. ಗುರುವಾರ ಬಂತು. ಎದ್ದು ಮೆಟ್ಟಿಲಿಳಿದು ಭಂಡಾರಿ ಬಸದಿಗೆ ಹೋದೆವು, ಆ ‘ಬೃ’ ಅಕ್ಷರವನ್ನು ಕಣ್ಣಾರೆ ನೋಡೋಣ ಅಂತ.